ರೆಗ್ಯುಲೇಟರ್‌ಗೆ ಹೋಸ್ ಜೋಡಿಸುವಾಗ ತೋಳಿನ ಬಲ ಬೇಡ, ಓ-ರಿಂಗ್ ನೋಡಿ

ಸ್ಕೂಬಾ ಡೈವಿಂಗ್‌ಗೆಂದು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿದ್ದ ದೋಣಿಯಲ್ಲಿ ಒಂದು ಬೆಳಿಗ್ಗೆ ನಾನು ಗಾಳಿ ಸಿಲಿಂಡರ್ ತೆರೆದೆ. ರೆಗ್ಯುಲೇಟರ್‌ನ, ಅಂದರೆ ಸಿಲಿಂಡರ್ ಗಾಳಿಯ ಒತ್ತಡ ಇಳಿಸಿ ಉಸಿರಾಡಲು ಕೊಡುವ ಸಾಧನದ, ಫಸ್ಟ್ ಸ್ಟೇಜ್ ಹತ್ತಿರ ಸಣ್ಣಗೆ 'ಸ್ಸ್' ಅಂತ ಸದ್ದು. ಹಿಂದಿನ ರಾತ್ರಿ ರೂಮಿನಲ್ಲಿ ಕೂತು ಆಕ್ಟೋಪಸ್‌ಗೆ, ಅಂದರೆ ಬದಲಿಗೆ ಇಟ್ಟುಕೊಳ್ಳುವ ಬಾಯಿ ಭಾಗಕ್ಕೆ, ಹೊಸ ಹೋಸ್ ಹಾಕಿದ್ದೆ. ಸಡಿಲ ಇರಬೇಕು ಅಂದುಕೊಂಡು ಸ್ಪ್ಯಾನರ್ ತೆಗೆದು ಇನ್ನೊಂದು ಕಾಲು ಸುತ್ತು ಬಿಗಿದೆ. ಸದ್ದು ಜಾಸ್ತಿಯಾಯಿತು. ಮತ್ತೆ ಬಿಗಿದೆ. ಆಗ ನಮ್ಮ ಡೈವ್ ಲೀಡರ್ ನನ್ನ ಕೈ ಹಿಡಿದು ವಾಲ್ವ್ ಮುಚ್ಚಿಸಿದರು. ಉಳಿದವರು ನೀರಿಗಿಳಿದರು, ನಾನು ದೋಣಿಯಲ್ಲೇ ಉಳಿದೆ. ಮನೆಗೆ ಬಂದು ಆ ಹೋಸ್ ಬಿಚ್ಚಿ ನೋಡಿದರೆ ಓ-ರಿಂಗ್ ಅರ್ಧ ಕತ್ತರಿಸಿ ಹೋಗಿತ್ತು. ಒಣಗಿದ ರಿಂಗ್ ತಿರುಚಿಕೊಂಡು ಕೂತಿತ್ತು. ನಾನು ಬಿಗಿದಷ್ಟೂ ಅದು ಹರಿಯುತ್ತಾ ಹೋಗಿತ್ತು.

ಆವತ್ತು ನನಗೆ ಒಂದು ವಿಷಯ ಅರ್ಥವಾಯಿತು. ರೆಗ್ಯುಲೇಟರ್‌ನಲ್ಲಿ ಗಾಳಿಯನ್ನು ತಡೆಯುವುದು ತಿರುಪಿನ ಮರೆಯೂ (ಥ್ರೆಡ್) ಅಲ್ಲ, ನಮ್ಮ ತೋಳಿನ ಬಲವೂ ಅಲ್ಲ. ತಡೆಯುವುದು ಆ ಪುಟ್ಟ ರಬ್ಬರ್ ರಿಂಗ್. ಕುಕ್ಕರ್ ಗ್ಯಾಸ್ಕೆಟ್ ಹಾಳಾಗಿದ್ದರೆ ಮುಚ್ಚಳವನ್ನು ಎಷ್ಟು ಒತ್ತಿದರೂ ಹಬೆ ನಿಲ್ಲುವುದಿಲ್ಲ, ಅಲ್ವಾ? ಇದೂ ಹಾಗೆಯೇ. ಮುಂದೆ ಬರೆದಿರುವ ಪ್ರತಿ ಹಂತವೂ ಆ ರಿಂಗ್ ಸರಿಯಾಗಿ ಕೂರಲಿ ಅಂತಲೇ.

ಯಾವ ಕೆಲಸ ನಮ್ಮದು, ಯಾವುದು ಅಲ್ಲ

ಹೋಸ್ ಬಿಚ್ಚಿ ಹಾಕುವುದು, ಹೋಸ್ ಇಲ್ಲದ ತೂತುಗಳ ಮುಚ್ಚಳ, ಅಂದರೆ ಪೋರ್ಟ್ ಪ್ಲಗ್ ಬದಲಿಸುವುದು, ಹೊರಗಿನ ಓ-ರಿಂಗ್ ಹಾಕುವುದು, ಇಷ್ಟನ್ನು ತಾಳ್ಮೆ ಇರುವ ಡೈವರ್ ಕಲಿಯಬಹುದು. ಫಸ್ಟ್ ಸ್ಟೇಜ್ ಒಳಗೆ ಕೈ ಹಾಕುವುದು, ಬಾಯಿಗೆ ಇಡುವ ಸೆಕೆಂಡ್ ಸ್ಟೇಜ್ ಬಿಚ್ಚಿ ಹೊಂದಿಸುವುದು ತರಬೇತಿ ಪಡೆದ ಟೆಕ್ನಿಶಿಯನ್ ಕೆಲಸ. ಕೆಲವು ಕಂಪನಿಗಳು ಹೋಸ್ ಬದಲಾವಣೆಯನ್ನೂ ತಮ್ಮ ಸರ್ವಿಸ್ ಸೆಂಟರ್‌ನಲ್ಲೇ ಮಾಡಿಸಿ ಅನ್ನುತ್ತವೆ. ವಾರಂಟಿ ಇದ್ದರೆ ಮೊದಲು ನಿಮ್ಮ ಮಾದರಿಯ ಪುಸ್ತಕ ತೆರೆದು ನೋಡಿ. ನಾನು ಹೇಳುವುದಕ್ಕೂ ಅದಕ್ಕೂ ವ್ಯತ್ಯಾಸ ಕಂಡರೆ ಪುಸ್ತಕದ ಮಾತೇ ನಡೆಯಲಿ. ಮೊದಲ ಸಲ ಮಾಡುವಾಗ ಗೊತ್ತಿರುವವರೊಬ್ಬರು ಪಕ್ಕದಲ್ಲಿರಲಿ.

ಇದಕ್ಕೆ ಒಳ್ಳೆಯ ಕಾಲ ಮಳೆಗಾಲ. ನೇತ್ರಾಣಿಯ ಡೈವಿಂಗ್ ಆಗ ನಿಂತಿರುತ್ತದೆ, ಅವಸರ ಇರುವುದಿಲ್ಲ. ಡೈವ್‌ನ ಹಿಂದಿನ ರಾತ್ರಿ ಮಾತ್ರ ಈ ಕೆಲಸ ಬೇಡವೇ ಬೇಡ.

ಪೋರ್ಟ್‌ಗಳನ್ನು ಗುರುತಿಸಿ

ಸಿಲಿಂಡರ್ ವಾಲ್ವ್‌ಗೆ ಕೂರುವ ಹಿತ್ತಾಳೆಯ ಭಾಗವೇ ಫಸ್ಟ್ ಸ್ಟೇಜ್. ಅದರ ಮೈ ಮೇಲಿರುವ ತೂತುಗಳು ಪೋರ್ಟ್‌ಗಳು. ಅವುಗಳಲ್ಲಿ ಎರಡು ಬಗೆ.

ಒಂದು ಎಚ್‌ಪಿ, ಅಂದರೆ ಹೈ ಪ್ರೆಶರ್. ಸಿಲಿಂಡರ್‌ನ ಒತ್ತಡ ನೇರವಾಗಿ ಇಲ್ಲಿಗೆ ಬರುತ್ತದೆ. ತುಂಬಿದ ಸಿಲಿಂಡರ್ ಅಂದರೆ ಸುಮಾರು 200 ಬಾರ್. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ. ಹೋಲಿಸಿ ನೋಡಿ. ಈ ಪೋರ್ಟ್‌ಗೆ ಸೇರುವುದು ಪ್ರೆಶರ್ ಗೇಜ್ ಹೋಸ್, ಅಥವಾ ಡೈವ್ ಕಂಪ್ಯೂಟರ್‌ಗೆ ಒತ್ತಡ ತಿಳಿಸುವ ಟ್ರಾನ್ಸ್‌ಮಿಟರ್.

ಇನ್ನೊಂದು ಎಲ್‌ಪಿ, ಲೋ ಪ್ರೆಶರ್. ಫಸ್ಟ್ ಸ್ಟೇಜ್ ಒತ್ತಡವನ್ನು ಇಳಿಸಿ, ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9ರಿಂದ 10 ಬಾರ್ ಮೇಲೆ ಇಟ್ಟು ಇಲ್ಲಿಗೆ ಕೊಡುತ್ತದೆ. ಬಾಯಿಗೆ ಇಡುವ ಸೆಕೆಂಡ್ ಸ್ಟೇಜ್, ಬದಲಿಗೆ ಇಟ್ಟುಕೊಳ್ಳುವ ಆಕ್ಟೋಪಸ್, ಬಿಸಿಡಿಗೆ (ತೇಲುವುದನ್ನು ಹೊಂದಿಸುವ ಜಾಕೆಟ್) ಗಾಳಿ ತುಂಬುವ ಇನ್‌ಫ್ಲೇಟರ್, ಡ್ರೈಸೂಟ್, ಎಲ್ಲವೂ ಎಲ್‌ಪಿ.

ಎಲ್‌ಪಿ ಹೋಸನ್ನು ಎಚ್‌ಪಿ ಪೋರ್ಟ್‌ಗೆ ಹಾಕಿ ಸಿಲಿಂಡರ್ ತೆರೆದರೆ, ಹತ್ತು ಬಾರ್‌ಗೆ ಮಾಡಿದ ಹೋಸ್ ಮೇಲೆ ಇನ್ನೂರು ಬಾರ್ ನುಗ್ಗುತ್ತದೆ. ಹೋಸ್ ಒಡೆದು ಚಾವಟಿಯಂತೆ ಬೀಸಬಹುದು. ಈ ತಪ್ಪು ಆಗದಿರಲಿ ಎಂದೇ ಇಂದಿನ ರೆಗ್ಯುಲೇಟರ್‌ಗಳಲ್ಲಿ ಎರಡಕ್ಕೂ ಬೇರೆ ಬೇರೆ ಅಳತೆಯ ಮರೆ ಇರುತ್ತದೆ. ಎಚ್‌ಪಿ ಪೋರ್ಟ್ 7/16 ಇಂಚು, ಎಲ್‌ಪಿ ಪೋರ್ಟ್ ಸಾಮಾನ್ಯವಾಗಿ 3/8 ಇಂಚು. ಕೆಲವು ಮಾದರಿಗಳಲ್ಲಿ ಮುಖ್ಯ ಸೆಕೆಂಡ್ ಸ್ಟೇಜ್‌ಗೆಂದು 1/2 ಇಂಚಿನ ಎಲ್‌ಪಿ ಪೋರ್ಟ್ ಕೂಡ ಇರುತ್ತದೆ. ಎಚ್‌ಪಿ ಪೋರ್ಟ್ ಪಕ್ಕದಲ್ಲಿ 'ಎಚ್‌ಪಿ' ಅಂತ ಕೆತ್ತಿರುವುದು ರೂಢಿ.

ಆದರೂ ಎರಡು ಕಡೆ ಹುಷಾರು. ತುಂಬಾ ಹಳೆಯ ರೆಗ್ಯುಲೇಟರ್‌ಗಳಲ್ಲಿ ಎಚ್‌ಪಿ ಪೋರ್ಟ್ ಕೂಡ 3/8 ಇಂಚಿನದೇ ಇರುತ್ತದೆ. ಸೆಕೆಂಡ್‌ಹ್ಯಾಂಡ್ ಕೊಂಡಿದ್ದರೆ ಇದನ್ನು ಟೆಕ್ನಿಶಿಯನ್ ಕೈಯಲ್ಲಿ ನೋಡಿಸಿ. ಎರಡನೆಯದು ಅಡಾಪ್ಟರ್‌ಗಳು. ಹೋಸ್ ಕೂರುತ್ತಿಲ್ಲ ಅಂತ ಅಡಾಪ್ಟರ್ ಹುಡುಕಬೇಡಿ. ಕೂರದಿರುವುದೇ ನಿಮಗಿರುವ ರಕ್ಷಣೆ.

ಬೇಕಾದ ಸಾಮಾನು

ಎಲ್‌ಪಿ ಹೋಸ್‌ಗೆ ಹೆಚ್ಚಾಗಿ 14 ಮಿ.ಮೀ. ಅಥವಾ 9/16 ಇಂಚಿನ ಸ್ಪ್ಯಾನರ್, ಎಚ್‌ಪಿಗೆ 16 ಮಿ.ಮೀ. ಅಥವಾ 5/8 ಇಂಚಿನದು. ಸೆಕೆಂಡ್ ಸ್ಟೇಜ್ ಕಡೆಗೆ ಇನ್ನೂ ದೊಡ್ಡವು ಎರಡು ಬೇಕಾಗುತ್ತವೆ. ಆ ಅಳತೆ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಅಳೆದೇ ಕೊಳ್ಳಿ. ಪೋರ್ಟ್ ಪ್ಲಗ್‌ಗೆ ಅಲೆನ್ ಕೀ ಬೇಕು. ಕಟಿಂಗ್ ಪ್ಲೇಯರ್, ಪೈಪ್ ರೆಂಚ್ ಹತ್ತಿರವೂ ಬರಬಾರದು. ಅವು ಕ್ರೋಮ್ ಕೆರೆಯುತ್ತವೆ, ಅಲ್ಲಿಂದ ಉಪ್ಪುನೀರು ಹಿತ್ತಾಳೆಗೆ ಇಳಿಯುತ್ತದೆ.

ಓ-ರಿಂಗ್‌ಗಳಿಗೆ ಎಲ್ಲ ಕಡೆ ನಡೆಯುವ ನಂಬರ್ ಇದೆ. ಫಸ್ಟ್ ಸ್ಟೇಜ್ ಕಡೆ ಎಲ್‌ಪಿ ಹೋಸ್‌ಗೆ ಸಾಮಾನ್ಯವಾಗಿ 011, ಎಚ್‌ಪಿ ಹೋಸ್‌ಗೆ 012, ಸೆಕೆಂಡ್ ಸ್ಟೇಜ್ ಕಡೆ 010. ಗೇಜ್ ಒಳಗಿನ ಪುಟ್ಟ ಸ್ಪೂಲ್‌ಗೆ 003, ಅದೂ ಎರಡು. ಅಂಗಡಿಯಲ್ಲಿ ಕೇಳುವಾಗ 90 ಡ್ಯೂರೋ ಗಡಸಿನದು ಅಂತ ಹೇಳಿ ತೆಗೆದುಕೊಳ್ಳಿ. ಹಾರ್ಡ್‌ವೇರ್ ಅಂಗಡಿಯ ಮೆತ್ತನೆಯ ನಲ್ಲಿ ವಾಷರ್ ಇಲ್ಲಿಗೆ ಆಗುವುದಿಲ್ಲ. ರಿಂಗ್ ತೆಗೆಯಲು ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಪಿಕ್ ಬೇಕು. ಪಿನ್ನು, ಸೂಜಿ ಬೇಡ. ಉಕ್ಕಿನ ತುದಿ ಹಿತ್ತಾಳೆಯ ಮೇಲೆ ಗೀರು ಎಳೆದರೆ ಹೊಸ ರಿಂಗ್ ಹಾಕಿದರೂ ಗಾಳಿ ಸೋರುತ್ತದೆ.

ಗ್ರೀಸ್ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಮಾಮೂಲಿ ಗಾಳಿಗೆ ಡೈವಿಂಗ್‌ಗೆಂದೇ ಬರುವ ಶುದ್ಧ ಸಿಲಿಕೋನ್ ಗ್ರೀಸ್ ಸಾಕು. ಆಮ್ಲಜನಕ 40 ಶೇಕಡಕ್ಕಿಂತ ಜಾಸ್ತಿ ಇರುವ ಗ್ಯಾಸ್‌ಗೆ ಸಿಲಿಕೋನ್ ಬೇಡ. ಕ್ರಿಸ್ಟೋ-ಲ್ಯೂಬ್ ಥರದ ಆಮ್ಲಜನಕಕ್ಕೆ ಒಗ್ಗುವ ಗ್ರೀಸ್ ಬೇಕು, ಇಡೀ ಸೆಟ್ ಆಮ್ಲಜನಕಕ್ಕೆ ತಕ್ಕಂತೆ ಶುಚಿ ಮಾಡಿಸಿರಬೇಕು. ಕೊಬ್ಬರಿ ಎಣ್ಣೆ, ವ್ಯಾಸಲೀನ್, ಹೊಲಿಗೆ ಯಂತ್ರದ ಎಣ್ಣೆ ಯಾವುದಕ್ಕೂ ಬೇಡ. ಹೆಚ್ಚಿನ ಒತ್ತಡದ ಆಮ್ಲಜನಕ ಎಣ್ಣೆಗೆ ತಾಗಿದರೆ ಬೆಂಕಿ ಹತ್ತಿಕೊಳ್ಳಬಹುದು.

ಹೋಸ್ ಹಾಕುವ ಮುನ್ನ ಹೋಸ್ ನೋಡಿ

ಹಳೆಯ ಹೋಸ್‌ಗಳನ್ನೇ ಜಾಗ ಬದಲಿಸಿ ಹಾಕುತ್ತಿದ್ದರೆ ಮೊದಲು ತುದಿಯಲ್ಲಿರುವ ರಬ್ಬರ್ ಕವಚವನ್ನು ಹಿಂದಕ್ಕೆ ಎಳೆಯಿರಿ. ಹೋಸ್ ಹಾಳಾಗುವುದು ಹೆಚ್ಚಾಗಿ ಆ ಕವಚದ ಕೆಳಗೆ, ಲೋಹ ಮತ್ತು ರಬ್ಬರ್ ಸೇರುವ ಜಾಗದಲ್ಲಿ. ಅಲ್ಲಿ ಹೋಸನ್ನು ಮೆಲ್ಲಗೆ ಬಗ್ಗಿಸಿ. ಬಿರುಕು, ಉಬ್ಬು, ಹಸಿರು ಕಿಲುಬು ಕಂಡರೆ ಆ ಹೋಸ್ ಕತ್ತರಿಸಿ ಎಸೆಯಿರಿ. ಕತ್ತರಿಸಿ ಅಂದದ್ದು ಯಾಕೆಂದರೆ, ಸುಮ್ನೆ ಎಸೆದರೆ ಯಾರೋ ಎತ್ತಿಕೊಂಡು ಹಾಕಿಬಿಡುತ್ತಾರೆ.

ಬಟ್ಟೆಯಂತೆ ಹೆಣೆದ ಹಗುರ ಹೋಸ್‌ಗಳಿಗೆ ಇನ್ನೊಂದು ತೊಂದರೆ ಇದೆ. ಅವುಗಳಲ್ಲಿ ಕೆಲವದರ ಒಳಪದರ ಬಿಸಿ ಮತ್ತು ತೇವದಲ್ಲಿ ನಿಧಾನವಾಗಿ ಕೆಡುತ್ತದೆ, ಒಳಗೆ ಹರಳಿನಂಥ ಪದಾರ್ಥ ಕಟ್ಟಿಕೊಂಡು ಗಾಳಿಯ ದಾರಿಯನ್ನೇ ಮುಚ್ಚಬಹುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹೊರಗಿನಿಂದ ನೋಡಿದರೆ ಹೋಸ್ ಹೊಸದರಂತೆಯೇ ಇರುತ್ತದೆ. ನಮ್ಮ ಕರಾವಳಿ, ಅಂಡಮಾನ್, ಲಕ್ಷದ್ವೀಪ ಎಲ್ಲವೂ ಅಂಥ ಹವೆಯ ಊರುಗಳೇ. ಹಾಗಾಗಿ ನಾನು ಐದು ವರ್ಷಕ್ಕೆ ಹೋಸ್ ಬದಲಿಸುತ್ತೇನೆ, ಚೆನ್ನಾಗಿ ಕಂಡರೂ.

ಯಾವುದು ಎಲ್ಲಿಗೆ

ಮೊದಲು ಮೇಜಿನ ಮೇಲೆ ಯೋಚಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ರೂಢಿ ಹೀಗೆ: ಮುಖ್ಯ ಸೆಕೆಂಡ್ ಸ್ಟೇಜ್ ಮತ್ತು ಆಕ್ಟೋಪಸ್ ಬಲಗಡೆ, ಇನ್‌ಫ್ಲೇಟರ್ ಮತ್ತು ಗೇಜ್ ಎಡಗಡೆ. ಮುಖ್ಯ ಹೋಸ್ ಸುಮಾರು 70ರಿಂದ 75 ಸೆಂ.ಮೀ. ಆಕ್ಟೋಪಸ್ 90ರಿಂದ 100, ಯಾಕೆಂದರೆ ಗಾಳಿ ಮುಗಿದ ಜೊತೆಗಾರರ ಬಾಯಿಗೆ ಅದು ಎಟುಕಬೇಕು.

ಫ್ಲೋರಿಡಾದ ಗುಹೆ ಡೈವರ್‌ಗಳಿಂದ ಬಂದ ಇನ್ನೊಂದು ವಿಧಾನ ಇದೆ. ಬಾಯಲ್ಲಿರುವ ಮುಖ್ಯ ಸೆಕೆಂಡ್ ಸ್ಟೇಜ್‌ಗೆ ಸುಮಾರು 2.1 ಮೀಟರ್ ಉದ್ದದ ಹೋಸ್, ಬದಲಿ ಸ್ಟೇಜ್‌ಗೆ 55ರಿಂದ 60 ಸೆಂ.ಮೀ. ಗಿಡ್ಡ ಹೋಸ್. ಗಿಡ್ಡದ್ದು ಕೊರಳಲ್ಲಿ ಹಾರದ ಥರ ತೂಗಿರುತ್ತದೆ. ಕಷ್ಟದಲ್ಲಿರುವವರಿಗೆ ಬಾಯಲ್ಲಿರುವುದನ್ನೇ ಕೊಟ್ಟು, ತಾವು ಕೊರಳಿನದನ್ನು ತೆಗೆದುಕೊಳ್ಳುತ್ತಾರೆ. ಇಕ್ಕಟ್ಟಾದ ಗುಹೆಯಲ್ಲಿ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಬರಬೇಕಲ್ಲ, ಅದಕ್ಕೇ ಅಷ್ಟುದ್ದ. ನನಗೆ ಈ ವಿಧಾನ ಇಷ್ಟ, ಕೊಡುವ ಸ್ಟೇಜ್ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ನನ್ನ ಉಸಿರೇ ಸಾಕ್ಷಿ. ಆದರೆ ತರಬೇತಿ ಇಲ್ಲದೆ ಬರೀ ಹೋಸ್ ಬದಲಿಸಿದರೆ ಉಪಯೋಗವಿಲ್ಲ.

ಫಸ್ಟ್ ಸ್ಟೇಜನ್ನು ವಾಲ್ವ್ ಮೇಲೆ ಕೂರಿಸಿ, ಹೋಸ್‌ಗಳು ಹೇಗೆ ಬೀಳುತ್ತವೆ ನೋಡಿ. ಮೊನಚಾಗಿ ಮಡಿಚಬಾರದು, ಒಂದನ್ನೊಂದು ಒತ್ತಬಾರದು. ಪೋರ್ಟ್‌ನಿಂದ ಹೊರಟ ದಿಕ್ಕಿನಲ್ಲೇ ಹೋಸ್ ಸಹಜವಾಗಿ ಬಾಗಿ ಬರಬೇಕು. ತೃಪ್ತಿಯಾದ ಮೇಲೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಒತ್ತಡ ಇಳಿಸಿ, ಬಿಚ್ಚಿ

ಇದರಲ್ಲಿ ವಿನಾಯಿತಿ ಇಲ್ಲ. ವಾಲ್ವ್ ಪೂರ್ತಿ ಮುಚ್ಚಿ. ಸೆಕೆಂಡ್ ಸ್ಟೇಜ್‌ನಿಂದ ಗಾಳಿ ಹೊರಬಿಡುವ ಪರ್ಜ್ ಬಟನ್ ಒತ್ತಿ, ಗಾಳಿ ಪೂರ್ತಿ ಹೋಗುವವರೆಗೆ ಹಿಡಿದುಕೊಳ್ಳಿ. ಗೇಜ್ ಸೊನ್ನೆ ತೋರಿಸಬೇಕು. ಮತ್ತೊಮ್ಮೆ ಒತ್ತಿ, ಗಾಳಿ ಬರುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಒತ್ತಡ ಇರುವಾಗ ಸಡಿಲಿಸುವುದೂ ತಪ್ಪು, ಬಿಗಿಯುವುದೂ ತಪ್ಪು. ದೋಣಿಯಲ್ಲಿ ನಾನು ಮಾಡಿದ್ದು ಆ ಎರಡನೆಯದು.

ಫಸ್ಟ್ ಸ್ಟೇಜನ್ನು ಗಟ್ಟಿಯಾಗಿ ಹಿಡಿಯಲು ವೈಸ್‌ಗೆ ಕಚ್ಚಿಸಬೇಡಿ. ವಾಲ್ವ್ ಮುಚ್ಚಿರುವ ಸಿಲಿಂಡರ್ ಮೇಲೇ ಕೂರಿಸಿ, ಸಿಲಿಂಡರನ್ನು ಮೊಣಕಾಲ ನಡುವೆ ಹಿಡಿದುಕೊಂಡರೆ ಸಾಕು. ವಾಲ್ವ್‌ನ ಹಿಡಿಗೆ ಕೈ ತಾಗದಂತೆ ನೋಡಿಕೊಳ್ಳಿ. ಸಿಲಿಂಡರ್ ಖಾಲಿಯಿದ್ದರೆ ಇನ್ನೂ ಒಳ್ಳೆಯದು.

ಬಾಟಲಿ ಮುಚ್ಚಳ ತೆರೆಯುವ ದಿಕ್ಕಿಗೆ ತಿರುಗಿಸಿ. ಮೊದಲು ಒಂದು ಸಣ್ಣ ಹಿಡಿತ ಬಿಟ್ಟಂತಾಗುತ್ತದೆ, ಆಮೇಲೆ ಬೆರಳಲ್ಲೇ ಬರಬೇಕು. ಬರದಿದ್ದರೆ ಉಪ್ಪು ಕಟ್ಟಿದೆ ಅಂತ ಅರ್ಥ. ಬಿಸಿ ನೀರಿನಲ್ಲಿ ನೆನೆಸಲು ಇಳಿಸಬೇಡಿ, ತೆರೆದ ಪೋರ್ಟ್‌ನಿಂದ ನೀರು ಒಳಗೆ ಹೋಗುತ್ತದೆ. ಉದ್ದನೆಯ ಪೈಪ್ ಸಿಕ್ಕಿಸಿ ಎಳೆಯಲೂ ಬೇಡಿ. ಟೆಕ್ನಿಶಿಯನ್ ಹತ್ತಿರ ಕೊಟ್ಟುಬಿಡಿ.

ಜೋಡಿಸುವುದು

ತೆರೆದ ಪೋರ್ಟ್ ಒಳಗೆ ಟಾರ್ಚ್ ಬಿಟ್ಟು ನೋಡಿ. ರಿಂಗ್ ಕೂರುವ ಜಾಗ ನುಣ್ಣಗೆ ಹೊಳೆಯಬೇಕು. ಮರಳು, ಹಳೆ ರಿಂಗ್‌ನ ಚೂರು, ಹಸಿರು ಪುಡಿ ಇದ್ದರೆ ನೂಲು ಬಿಡದ ಬಟ್ಟೆಯಿಂದ ಒರೆಸಿ. ಬಾಯಿಂದ ಊದಬೇಡಿ, ತೇವ ಒಳಗೆ ಸೇರುತ್ತದೆ.

ಓ-ರಿಂಗನ್ನು ಬೆರಳ ತುದಿಯಲ್ಲಿ ಸ್ವಲ್ಪ ಎಳೆದು ಬೆಳಕಿಗೆ ಹಿಡಿಯಿರಿ. ಗುಂಡಗಿರಬೇಕು. ಒಂದು ಮೈ ಚಪ್ಪಟೆಯಾಗಿದ್ದರೆ, ಕೂದಲೆಳೆಯಷ್ಟು ಗೀರಿದ್ದರೆ ಹೊಸದು ಹಾಕಿ. ಒಂದು ರಿಂಗ್‌ನ ಬೆಲೆಗೆ ಒಂದು ಡೈವ್ ಕಳೆದುಕೊಳ್ಳಬೇಡಿ. ಗ್ರೀಸ್ ಬೆರಳಿಗೆ ತಾಗಿದಷ್ಟು ಸಾಕು, ರಿಂಗ್ ಹೊಳೆಯಬೇಕು, ಬಿಳಿ ಮುದ್ದೆ ಕಾಣಬಾರದು. ಜಾಸ್ತಿ ಆದರೆ ಅದೇ ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಮರೆಯ ಮೇಲೆ ಉಜ್ಜದಂತೆ ರಿಂಗನ್ನು ಅದರ ತೋಡಿಗೆ ಇಳಿಸಿ. ತಿರುಚಿಲ್ಲ ಅಂತ ಸುತ್ತಲೂ ನೋಡಿ.

ಈಗ ಹೋಸನ್ನು ಪೋರ್ಟ್‌ಗೆ ನೇರ ಹಿಡಿದು ಮೊದಲು ಉಲ್ಟಾ ತಿರುಗಿಸಿ. ಮರೆ ಮರೆಗೆ ಕೂತಾಗ 'ಟಿಕ್' ಅಂತ ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಬಿಗಿಯುವ ದಿಕ್ಕಿಗೆ ತಿರುಗಿಸಿ. ಕೊನೆಯವರೆಗೂ ಬೆರಳಲ್ಲೇ ಹೋಗಬೇಕು. ಮಧ್ಯದಲ್ಲಿ ತಡೆದರೆ ಮರೆ ಓರೆಯಾಗಿ ಕಚ್ಚಿದೆ. ಕೂಡಲೇ ಬಿಚ್ಚಿ ಮತ್ತೆ ಶುರು ಮಾಡಿ. ಹಿತ್ತಾಳೆ ಮೃದು ಲೋಹ, ಓರೆಯಾಗಿ ಒಮ್ಮೆ ಬಲ ಹಾಕಿದರೆ ಫಸ್ಟ್ ಸ್ಟೇಜೇ ಹೋಯಿತು.

ಲೋಹ ಲೋಹಕ್ಕೆ ತಾಗಿ ನಿಂತ ಮೇಲೆ ಸ್ಪ್ಯಾನರ್‌ನಿಂದ ಸ್ವಲ್ಪವೇ ಬಿಗಿ. ಟಾರ್ಕ್ ರೆಂಚ್ ಇದ್ದವರಿಗೆ ಸಾಮಾನ್ಯ ಲೆಕ್ಕ 4ರಿಂದ 5 ನ್ಯೂಟನ್ ಮೀಟರ್. ನಿಮ್ಮ ಮಾದರಿಯ ಅಂಕಿ ಪುಸ್ತಕದಲ್ಲಿರುತ್ತದೆ. ರೆಂಚ್ ಇಲ್ಲದಿದ್ದರೆ ಸ್ಪ್ಯಾನರನ್ನು ಅದರ ತಲೆಯ ಹತ್ತಿರ, ಎರಡು ಬೆರಳಲ್ಲಿ ಹಿಡಿದು ಬಿಗಿಯಿರಿ. ಹಿಡಿಯ ತುದಿಗೆ ಕೈ ಹೋದರೆ ಬಲ ತಾನೇ ಜಾಸ್ತಿಯಾಗುತ್ತದೆ. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಇಲ್ಲಿ ಬೇಡ. ಇಲ್ಲಿ ಮರೆಗೆ ಗಾಳಿ ತಡೆಯುವ ಕೆಲಸವೇ ಇಲ್ಲ. ಟೇಪಿನ ಎಳೆ ಕಿತ್ತು ಹೋದರೆ ಸೆಕೆಂಡ್ ಸ್ಟೇಜ್ ಒಳಗೆ ಸಿಕ್ಕಿಕೊಳ್ಳುತ್ತದೆ.

ಖಾಲಿ ಉಳಿದ ಪೋರ್ಟ್‌ಗಳಿಗೂ ಪ್ಲಗ್ ಹಾಕಬೇಕು, ಅವುಗಳ ರಿಂಗ್ ಕೂಡ ನೋಡಬೇಕು. ಹೋಸ್ ಜಾಗ ಬದಲಿಸಿದಾಗ ಎಚ್‌ಪಿ ಪ್ಲಗ್, ಎಲ್‌ಪಿ ಪ್ಲಗ್ ಕಲಸಿಹೋಗುವುದುಂಟು, ಬೇರೆ ಬೇರೆ ಬಟ್ಟಲಲ್ಲಿ ಇಡಿ.

ಸೆಕೆಂಡ್ ಸ್ಟೇಜ್ ಕಡೆ ಎರಡು ಸ್ಪ್ಯಾನರ್

ಇಲ್ಲಿ ಒಂದೇ ಸ್ಪ್ಯಾನರ್ ಬಳಸುವುದು ನಾನು ಹೆಚ್ಚು ನೋಡಿರುವ ತಪ್ಪು. ಹೋಸ್‌ನ ನಟ್ ಒಂದು ಕಡೆ, ಸೆಕೆಂಡ್ ಸ್ಟೇಜ್‌ನಿಂದ ಹೊರಗೆ ಚಾಚಿರುವ ಮೂತಿ ಇನ್ನೊಂದು ಕಡೆ. ಆ ಮೂತಿ ತಿರುಗಿದರೆ ಒಳಗಿನ ಹೊಂದಾಣಿಕೆ ಕೆಡಬಹುದು, ಉಸಿರಾಟ ಬಿಗಿಯಾಗಬಹುದು ಇಲ್ಲವೇ ಗಾಳಿ ತಾನಾಗಿ ಹರಿಯಬಹುದು. ಹಾಗಾಗಿ ಒಂದು ಸ್ಪ್ಯಾನರ್‌ನಿಂದ ಮೂತಿಯನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ನಟ್ ಮಾತ್ರ ತಿರುಗಿಸಿ. ಬಿಚ್ಚುವಾಗಲೂ ಹೀಗೇ. ಬಿಗಿತವೂ ಮೆತ್ತಗಿರಲಿ.

ಗೇಜ್‌ಗೂ ಎರಡು ಸ್ಪ್ಯಾನರ್ ಬೇಕು. ಅದರ ಡಬ್ಬಿ ಹಿಡಿದು ತಿರುಗಿಸಬೇಡಿ. ಒಳಗೆ ಬೆಂಕಿಕಡ್ಡಿ ದಪ್ಪದ ಸ್ಪೂಲ್ ಇದೆ, ಅದರ ಎರಡು ತುದಿಗೂ 003 ರಿಂಗ್. ಗೇಜ್ ತಿರುಗಿದಾಗಲೆಲ್ಲ ಆ ರಿಂಗ್‌ಗಳು ಸವೆಯುತ್ತವೆ. ಗೇಜ್ ಬುಡದಲ್ಲಿ ಗುಳ್ಳೆ ಕಂಡರೆ ಸಾಮಾನ್ಯವಾಗಿ ಕಾರಣ ಅದೇ.

ಇನ್‌ಫ್ಲೇಟರ್ ಹೋಸ್ ಫಸ್ಟ್ ಸ್ಟೇಜ್ ಕಡೆ ಎಲ್ಲರದ್ದೂ ಒಂದೇ. ಬಿಸಿಡಿ ಕಡೆಯ ಕ್ಲಿಪ್ ಮಾತ್ರ ಬೇರೆ ಇರಬಹುದು. ಸ್ಕೂಬಾಪ್ರೊ ಏರ್2 ಥರದ, ಇನ್‌ಫ್ಲೇಟರ್ ಒಳಗೇ ಉಸಿರಾಟದ ಸ್ಟೇಜ್ ಇರುವವಕ್ಕೆ ಅದರದ್ದೇ ಹೋಸ್ ಬೇಕು.

ಪಂಕ್ಚರ್ ಅಂಗಡಿಯವರಂತೆ ಪರೀಕ್ಷಿಸಿ

ಮೊದಲು ಗಾಳಿ ಬಿಡದೆ ಪರೀಕ್ಷೆ. ವಾಲ್ವ್ ಮುಚ್ಚಿರಲಿ, ಫಸ್ಟ್ ಸ್ಟೇಜ್ ಸಿಲಿಂಡರ್ ಮೇಲಿರಲಿ. ಪರ್ಜ್ ಮಾಡಿ ಸೆಕೆಂಡ್ ಸ್ಟೇಜ್‌ನಿಂದ ಉಸಿರೆಳೆಯಿರಿ. ಏನೂ ಬರಬಾರದು. ಸ್ವಲ್ಪ ಬಂದರೂ ಎಲ್ಲೋ ತೂತಿದೆ.

ಆಮೇಲೆ ವಾಲ್ವ್ ತೆರೆಯಿರಿ. ನಿಧಾನವಾಗಿ, ನಿಜವಾಗಿಯೂ ನಿಧಾನವಾಗಿ. ಗೇಜ್‌ನ ಗಾಜು ನಿಮ್ಮ ಮುಖಕ್ಕಾಗಲಿ, ಪಕ್ಕದವರಿಗಾಗಲಿ ಎದುರಿರಬಾರದು. ಒತ್ತಡ ಬಂದ ಮೇಲೆ ಪ್ರತಿ ಸ್ಟೇಜ್ ಪರ್ಜ್ ಮಾಡಿ, ಉಸಿರಾಡಿ, ಇನ್‌ಫ್ಲೇಟರ್ ಒತ್ತಿ ನೋಡಿ. ಮನೆಯಲ್ಲಿ ಫ್ಯಾನ್ ಆಫ್ ಮಾಡಿ ಕಿವಿಗೊಡಿ.

ಈಗ ಟಬ್. ಟ್ಯೂಬನ್ನು ಬೋಗುಣಿಯಲ್ಲಿ ಮುಳುಗಿಸುವ ಪಂಕ್ಚರ್ ಅಂಗಡಿ ನೋಡಿದ್ದೀರಲ್ಲ, ಅದೇ ಕೆಲಸ. ಸೆಕೆಂಡ್ ಸ್ಟೇಜ್, ಗೇಜ್, ಹೋಸ್‌ಗಳ ಪೂರ್ತಿ ಉದ್ದವನ್ನು ಒಂದೊಂದಾಗಿ ಮುಳುಗಿಸಿ, ಮೊದಲಿಗೆ ಸಿಕ್ಕಿಕೊಂಡ ಗುಳ್ಳೆಗಳನ್ನು ಕೈಯಿಂದ ಉಜ್ಜಿ ಬಿಡಿಸಿ. ಆಮೇಲೆ ಎರಡು ನಿಮಿಷ ಕಾಯಿರಿ. ಫಸ್ಟ್ ಸ್ಟೇಜ್ ಮುಳುಗಿಸಲಾಗದಿದ್ದರೆ ಅದರ ಜೋಡಣೆಗಳ ಮೇಲೆ ಸೋಪಿನ ನೊರೆ ಹಚ್ಚಿ ನೋಡಿ, ಆಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ಒಂದೇ ಜಾಗದಿಂದ ಸಾಲಾಗಿ ಗುಳ್ಳೆ ಬರುತ್ತಿದ್ದರೆ ಅದೇ ಸೋರಿಕೆ. ವಾಲ್ವ್ ಮುಚ್ಚಿ, ಒತ್ತಡ ಇಳಿಸಿ, ಬಿಚ್ಚಿ, ರಿಂಗ್ ನೋಡಿ. ಬಿಗಿಯಲು ಕೈ ಹೋಗುತ್ತದೆ, ತಡೆದುಕೊಳ್ಳಿ.

ಕೊನೆಗೆ ವಾಲ್ವ್ ಮುಚ್ಚಿ ಗೇಜ್ ಎಷ್ಟು ತೋರಿಸುತ್ತಿದೆ ಬರೆದಿಟ್ಟುಕೊಂಡು ಹತ್ತು ನಿಮಿಷ ಬಿಡಿ. ಹೋಸ್‌ಗಳ ಒಳಗಿರುವ ಗಾಳಿ ತುಂಬಾ ಕಡಿಮೆ, ಹಾಗಾಗಿ ಕಣ್ಣಿಗೆ ಕಾಣದ ಸೋರಿಕೆಯೂ ಮುಳ್ಳಿನಲ್ಲಿ ಕಾಣುತ್ತದೆ.

ನೀರೊಳಗೆ ಹೋಸ್ ಒಡೆದರೆ

ಒಂದು ವಿಷಯ ಹಲವರಿಗೆ ಗೊತ್ತಿಲ್ಲ. ಎಚ್‌ಪಿ ಹೋಸ್‌ಗಿಂತ ಎಲ್‌ಪಿ ಹೋಸ್ ಒಡೆದರೆ ಗಾಳಿ ಬೇಗ ಖಾಲಿಯಾಗುತ್ತದೆ. ಎಚ್‌ಪಿ ಹೋಸ್‌ನ ತುದಿಯಲ್ಲಿ ಸೂಜಿಮೊನೆಯಷ್ಟೇ ತೂತು ಇರುತ್ತದೆ, ಒಡೆದಾಗ ಹರಿವು ಮಿತಿಯಲ್ಲಿರಲಿ ಅಂತ. ಸದ್ದು, ಗುಳ್ಳೆ ಭಯ ಹುಟ್ಟಿಸಿದರೂ ಜೊತೆಗಾರರ ಹತ್ತಿರ ಹೋಗಿ ಮೇಲೇರಲು ಸಮಯ ಸಿಗುತ್ತದೆ. ಎಲ್‌ಪಿ ಹೋಸ್‌ನಲ್ಲಿ ದಾರಿ ಅಗಲ. ಕೆಲವೇ ನಿಮಿಷದಲ್ಲಿ ಸಿಲಿಂಡರ್ ಬರಿದಾಗಬಹುದು, ಆಳದಲ್ಲಿ ಇನ್ನೂ ಬೇಗ. ಕೂಡಲೇ ಜೊತೆಗಾರರ ಆಕ್ಟೋಪಸ್ ಹಿಡಿಯಬೇಕು. ಹೋಸ್ ಚೆನ್ನಾಗಿದೆಯೋ ಇಲ್ಲವೋ ಅಂತ ಅನುಮಾನ ಬಂದಾಗ ನಾನು ಈ ಕೆಲವು ನಿಮಿಷಗಳನ್ನು ನೆನೆಯುತ್ತೇನೆ.

ಹೊಸ ಜೋಡಣೆಯ ಮೊದಲ ಡೈವ್ ಈಜುಕೊಳದಲ್ಲಿ ಮಾಡಿ. ಜೊತೆಗಾರರಿಗೆ ನಿಮ್ಮ ಫಸ್ಟ್ ಸ್ಟೇಜ್ ಹಿಂದಿನಿಂದ ನೋಡಲು ಹೇಳಿ, ಅದು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ತಲೆಯನ್ನು ಎರಡೂ ಕಡೆ ತಿರುಗಿಸಿ, ಹೋಸ್ ಬಾಯಿಂದ ಸ್ಟೇಜನ್ನು ಎಳೆಯುತ್ತಿದೆಯಾ ನೋಡಿ. ಆಕ್ಟೋಪಸ್ ಕೊಡುವುದನ್ನು ನಾಲ್ಕೈದು ಸಲ ಅಭ್ಯಾಸ ಮಾಡಿ. ಮನೆಗೆ ಬಂದು ಡಸ್ಟ್ ಕ್ಯಾಪ್ ಹಾಕಿ ಸಿಹಿನೀರಿನಲ್ಲಿ ನೆನೆಸಿ. ಬೋರ್ ನೀರು ಗಡಸಾಗಿದ್ದರೆ ಕುಡಿಯುವ ನೀರಿನಲ್ಲಿ ಇನ್ನೊಮ್ಮೆ ತೊಳೆಯಿರಿ. ಹೋಸ್ ಕವಚಗಳನ್ನು ಹಿಂದಕ್ಕೆ ಎಳೆದು, ನೆರಳಿನಲ್ಲಿ ಒಣಗಿಸಿ, ಅಗಲವಾದ ಸುರುಳಿಯಾಗಿ ಸುತ್ತಿ ಇಡಿ.